ಕೆಂಪಕ್ಕನ ಸೊಲ್ಲು

ರಾಗಿ ಬೀಸುವ ಪದಕ್ಕೆ ಎರಡು ಬಾಯಿ ಬೇಕು. ಒಬ್ಬರು ಎತ್ತಿಕೊಟ್ಟ ಸಾಲನ್ನು ಕಲ್ಲಿನ ಆಚೆ ಕೂತವರು ಸೊಲ್ಲಾಗಿ ಹಿಡಿಯಬೇಕು. ಕಂದಿಕೆರೆಯ ಹೊಂಬಾಳಮ್ಮ ಎತ್ತಿಕೊಟ್ಟರೆ ಹಿಡಿಯುತ್ತಿದ್ದವಳು ತಂಗಿ ಕೆಂಪಕ್ಕ. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಕೆಂಪಕ್ಕ ತೀರಿಕೊಂಡಳು. ಆಮೇಲೆ ಅವಳ ದನಿ ಉಳಿದದ್ದು ಹೊಂಬಾಳಮ್ಮನ ಮೊಮ್ಮಗಳು ಭವ್ಯಶ್ರೀಯ ಲ್ಯಾಪ್‌ಟಾಪಿನಲ್ಲಿ ಮಾತ್ರ. ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಿ ದಿನಕ್ಕೊಂದು ಪದ ಹಾಕಿಸಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದಳು.

ಭವ್ಯಶ್ರೀ ತಿಪಟೂರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಾಳೆ. ಅಕ್ಕತಂಗಿಯರು ಬೀಸುವಾಗ ಹಾಡಿದ್ದನ್ನೇ ಮದುವೆಯ ಶಾಸ್ತ್ರಕ್ಕೂ ಹಾಡುತ್ತಿದ್ದರು. ಅದಕ್ಕೇ ಅವಳು ಪದಗಳನ್ನೆಲ್ಲ 'ಬೀಸುವ ಪದ' ಎಂಬ ಫೋಲ್ಡರಿನಲ್ಲಿಟ್ಟು, 'ಮದುವೆ ಪದ' ಎಂಬ ಹೆಸರಿನಲ್ಲಿ ಅದಕ್ಕೊಂದು ಲಿಂಕ್ ಮಾಡಿದ್ದಳು, ಅದೇ ಮನೆಗೆ ಇನ್ನೊಂದು ಬಾಗಿಲು ಇಟ್ಟ ಹಾಗೆ. ಮಾಡಿದ್ದು ಮರೆತೂ ಹೋಗಿತ್ತು.

ಭಾನುವಾರ ಡಿಸ್ಕ್ ತುಂಬಿತು. ಅವೇ ಪದಗಳು ಎರಡು ಕಡೆ ಕಂಡಾಗ, ಹಿಂದೆ ಯಾವಾಗಲೋ ಕಾಪಿ ಮಾಡಿರಬೇಕು ಅಂದುಕೊಂಡು 'ಮದುವೆ ಪದ'ದ ಒಳಗೆ ಹೋಗಿ ಎಲ್ಲವನ್ನೂ ಒಂದೇ ಆಜ್ಞೆಯಲ್ಲಿ ಅಳಿಸಿದಳು. ಆಮೇಲೆ 'ಬೀಸುವ ಪದ' ತೆರೆದರೆ ಅದೂ ಬರಿದು. ಹೊರಗೆ ನಿಂತು ಲಿಂಕನ್ನಷ್ಟೇ ಅಳಿಸಿದ್ದರೆ ಬಾಗಿಲೊಂದು ಹೋಗುತ್ತಿತ್ತು. ಒಳಗೆ ಹೋಗಿ ಅಳಿಸಿದ್ದಕ್ಕೆ ಮನೆಯೇ ಖಾಲಿಯಾಗಿತ್ತು. ಹಾಗೆ ಆಜ್ಞೆ ಕೊಟ್ಟು ಅಳಿಸಿದ್ದು ಲ್ಯಾಪ್‌ಟಾಪಿನ ಕಸದ ಬುಟ್ಟಿಗೂ ಬೀಳುವುದಿಲ್ಲ. ಮೊದಲು ರೆಕಾರ್ಡ್ ಮಾಡಿಕೊಂಡಿದ್ದ ಫೋನಿನಿಂದಲೂ ಅವನ್ನು ಎಂದೋ ತೆಗೆದಾಗಿತ್ತು. ಅಳಿಸಿದ್ದನ್ನು ಮರಳಿ ತರುವ ಸಾಫ್ಟ್‌ವೇರ್ ಹಾಕಿ ಎರಡು ದಿನ ಹುಡುಕಿದಳು. ಸಿಕ್ಕ ಒಂದೆರಡು ತುಣುಕುಗಳಲ್ಲಿ ಬರೀ ಗೊರಗೊರ. ಪದ ಹಾಕು ಅಂದ ಅಜ್ಜಿಗೆ ಲ್ಯಾಪ್‌ಟಾಪಿನ ಬ್ಯಾಟರಿ ಕೆಟ್ಟಿದೆ ಎಂದಳು.

ಮೂರನೆಯ ಸಂಜೆ ತಡೆಯಲಾಗಲಿಲ್ಲ. ಹೊಂಬಾಳಮ್ಮ ಜಗಲಿಯ ಮೇಲೆ ತೆಂಗಿನ ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದಳು. ಭವ್ಯಶ್ರೀ ಎದುರಿಗೆ ಕೂತು ಆದದ್ದನ್ನೆಲ್ಲ ಹೇಳಿದಳು.

"ಎಲ್ಲಾನೂವಾ?"

"ಎಲ್ಲಾನೂ ಅಜ್ಜಿ. ನಾನೇ ಅಳಿಸ್ಬುಟ್ಟೆ."

ಅಜ್ಜಿಯ ಕೈ ನಿಂತಿತು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಮಡಿಲ ಕಡ್ಡಿಗಳನ್ನು ಕೆಳಗಿಟ್ಟಳು.

"ದಿನಾ ನನ್ ಜೊತೇಲಿ ಕೇಳ್ತಿದ್ಯಲ್ಲೇ. ಸೊಲ್ಲು ಹಿಡಿ, ನೋಡಾನ."

ಅಜ್ಜಿ ಎತ್ತಿಕೊಟ್ಟಳು. ಭವ್ಯಶ್ರೀ ಹಿಡಿದಳು. ತಗಡಿನ ಡಬ್ಬ ಇದ್ದಂಗೈತೆ ನಿನ್ ಗಂಟಲು ಅಂದಳು ಅಜ್ಜಿ, ಆದರೂ ಮುಂದಿನ ಸಾಲು ಎತ್ತಿಕೊಟ್ಟಳು. ಮೂರನೆಯ ಸಾಲಿನ ನಡುವೆ ಭವ್ಯಶ್ರೀ ಉಸಿರು ತೆಗೆದುಕೊಂಡಾಗ ಅಜ್ಜಿ ಅವಳ ಮೊಣಕಾಲು ತಟ್ಟಿ ನಿಲ್ಲಿಸಿದಳು.

"ಅಲ್ಲಿ ಉಸಿರು ತಗೋಬ್ಯಾಡ ಕಣವ್ವ. ಕೆಂಪಿ ಅದನ್ನ ಕೊನೆಗಂಟ ಎಳೀತಿದ್ಲು. ಇನ್ನೊಂದ್ಸಲ ಅನ್ನು."