ಹಿಡಿಕೆ ಇಲ್ಲದ ಮಿಷನ್ನು

ಸೀತೂರಿನ ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಾರೂ ಕೇಳುವುದಿಲ್ಲ. ಬಂದರೆ ಮಾತ್ರ, "ಓ, ಬಂತಾ?" ಎಂದು ಕೇಳುತ್ತಾರೆ. ಅಂಥ ಊರಿನಲ್ಲಿದ್ದುಕೊಂಡು ದಿವ್ಯಳ ಗಂಡ ಲೋಕೇಶ ಕರೆಂಟನ್ನೇ ನಂಬಿದ. ನಂಬಿ ಕೆಟ್ಟ.

ಕೊಪ್ಪದಲ್ಲಿ ಅವನದೊಂದು ವರ್ಕ್‌ಶಾಪು. ಪಂಪು, ಅಡಿಕೆ ಸುಲಿಯುವ ಮಿಷನ್ನು, ಎಂಥದೇ ಕೆಟ್ಟಿರಲಿ, ಅವನ ಕೈಗೆ ಬಂದರೆ ಓಡುತ್ತಿತ್ತು. ಅವನ ತಾಯಿ ಜಲಜಮ್ಮನಿಗೆ ಲಕ್ವಾ ಹೊಡೆದು ನುಂಗುವ ಶಕ್ತಿ ಹೋಯಿತು. ಆಸ್ಪತ್ರೆಯವರು ಮೂಗಿನಿಂದ ಹೊಟ್ಟೆಗೆ ಸಣ್ಣ ಪೈಪು ಹಾಕಿ ಮನೆಗೆ ಕಳಿಸಿದರು. ಗಂಜಿ ಅದರಲ್ಲೇ, ಫಿಟ್ಸ್ ಬಾರದಂತೆ ಕೊಡುವ ಮಾತ್ರೆಯೂ ಅದರಲ್ಲೇ. ಮಾತ್ರೆ ನುಣ್ಣಗೆ ಪುಡಿಯಾಗಿ ನೀರಿನಲ್ಲಿ ಬೆರೆಯಬೇಕು. ತರಿ ಉಳಿದರೆ ಪೈಪು ಕಟ್ಟಿಕೊಳ್ಳುತ್ತದೆ.

ಲೋಕೇಶ ಸುಮ್ಮನಿರುವ ಆಸಾಮಿಯೇ? ಸ್ಟೀಲಿನ ಪುಟ್ಟ ಬಟ್ಟಲಿಗೆ ಮೋಟರು ಕೂರಿಸಿ, ಮಾತ್ರೆ ಅರೆದು ಬೆರೆಸುವ ಮಿಷನ್ನನ್ನು ತಾನೇ ಮಾಡಿದ. ಗುಂಡಿ ಒತ್ತಿದರೆ ಆಯಿತು. ಊರಿನ ಆರೋಗ್ಯ ಕೇಂದ್ರದ ನರ್ಸ್ ಅರ್ಪಣಾ ಮನೆಗೆ ಬಂದಾಗ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಚೆನ್ನಾಗಿದೆ ಲೋಕೇಶಣ್ಣ. ಆದ್ರೆ ಕೈಯಲ್ಲಿ ತಿರುಗಿಸೋ ಹಿಡಿಕೆ ಎಲ್ಲಿ?"

"ಹಿಡಿಕೆ ಎಂತಕ್ಕೆ ಸಿಸ್ಟರ್? ನಮ್ಮಜ್ಜಿ ಕಾಲವಾ ಇದು?"

"ಕರೆಂಟು ಹೋದ್ರೆ?"

"ಯುಪಿಎಸ್ ಇದ್ಯಲ್ಲ."

"ಅದೂ ಕೈಕೊಟ್ರೆ? ದಿವ್ಯಕ್ಕನಿಗೆ ಕೈಯಲ್ಲೇ ಪುಡಿ ಮಾಡೋದು ಹೇಗೆ ಅಂತ ತೋರಿಸ್ಕೊಡ್ತೀನಿ. ಎಷ್ಟು ಹೊತ್ತಿನ ಕೆಲ್ಸ ಅದು?"

"ಬಿಡಿ ಮಾರಾಯ್ರೆ. ಮಿಷನ್ ಇರುವಾಗ ಅವಳಿಗೆ ಯಾಕೆ ಆ ಕಷ್ಟ?"

ಬಾಗಿಲಲ್ಲಿ ನಿಂತಿದ್ದ ದಿವ್ಯಳಿಗೆ ಕಲಿಯುವ ಮನಸ್ಸಿತ್ತು. ಗಂಡ ನಗುವುದನ್ನು ನೋಡಿ ಸುಮ್ಮನಾದಳು. ಆ ಸುಮ್ಮನಾದದ್ದನ್ನು ಅವಳು ಇಂದಿಗೂ ಮರೆತಿಲ್ಲ.

ಆಷಾಢದಲ್ಲಿ ಗಾಳಿ ಎದ್ದಿತು. ಮರ ಬಿದ್ದು ಲೈನು ಹರಿಯಿತು, ಕಂಬಗಳೂ ಮಲಗಿದವು. ಯುಪಿಎಸ್ ಮಾರನೆಯ ದಿನದವರೆಗೆ ಹೇಗೋ ಜೀವ ಹಿಡಿದುಕೊಂಡಿತ್ತು, ಆಮೇಲೆ ಅದೂ ಆರಿತು. ಲೋಕೇಶ ಕೊಪ್ಪದಲ್ಲಿ. ಫೋನಿಗೆ ಸಿಗ್ನಲ್ ಇಲ್ಲ. ಮಾತ್ರೆಯ ಹೊತ್ತು ಮೀರುತ್ತಿತ್ತು. ಕೈಕಾಲು ಆಡದೆ ದಿವ್ಯ ಸುತ್ತ ನೋಡಿದಳು. ಕಣ್ಣಿಗೆ ಬಿದ್ದದ್ದು ಅತ್ತೆಯ ಕುಟ್ಟಣಿ. ಹಲ್ಲು ಹೋದ ಮೇಲೆ ಜಲಜಮ್ಮ ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದ ಪುಟ್ಟ ಕಬ್ಬಿಣದ ಒರಳು. ತೊಳೆದಳು. ಆದರೆ ವರ್ಷಗಟ್ಟಲೆ ಹಿಡಿದ ಸುಣ್ಣ, ಅಡಿಕೆಯ ಚೂರು ತಳದಲ್ಲಿ ಗಟ್ಟಿಯಾಗಿ ಕೂತಿತ್ತು. ಅದರಲ್ಲೇ ಮಾತ್ರೆ ಕುಟ್ಟಿ, ನೀರಲ್ಲಿ ಕಲಸಿ, ಪೈಪಿಗೆ ಬಿಟ್ಟಳು.

ಅರ್ಧ ಇಳಿದದ್ದು ನಿಂತೇ ಹೋಯಿತು.

ಓಡಿ ಹೋಗಿ ಅರ್ಪಣಾಳನ್ನು ಕರೆತಂದಳು. "ಜೋರಾಗಿ ಒತ್ತಬೇಡಿ ದಿವ್ಯಕ್ಕ. ಆಸ್ಪತ್ರೆಗೇ ಹೋಗ್ಬೇಕು, ಪೈಪು ಬದಲಿಸ್ಬೇಕು" ಎಂದಳು ಅರ್ಪಣಾ. ಜೀಪು ಸಿಕ್ಕಿತು, ದಾರಿ ಸಿಗಲಿಲ್ಲ. ಅಡ್ಡ ಬಿದ್ದ ಮರ ಕಡಿದು ಮುಗಿಸುವಷ್ಟರಲ್ಲಿ ಜಲಜಮ್ಮನಿಗೆ ಫಿಟ್ಸ್ ಶುರುವಾಯಿತು. ಒಂದು ನಿಂತರೆ ಇನ್ನೊಂದು. ದಿವ್ಯ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಬೇಡಿಕೊಂಡಳು. ಆಸ್ಪತ್ರೆ ಮುಟ್ಟಿದರು. ಜಲಜಮ್ಮ ಮತ್ತೆ ಕಣ್ಣು ತೆರೆಯಲಿಲ್ಲ.

ತಿಥಿ ಮುಗಿದ ಮೇಲೂ ದಿವ್ಯ ಯಾರ ಮುಖವನ್ನೂ ನೋಡಿ ಮಾತಾಡಲಿಲ್ಲ. ಕೊನೆಗೊಂದು ದಿನ ಗಂಡನ ಮುಂದೆ ಕುಟ್ಟಣಿ ತಂದಿಟ್ಟಳು.

"ಅತ್ತೆನ ನಾನೇ ಕೊಂದೆ ಅಲ್ದಾ? ಒಂದ್ಸಲ ಬಾಯಿ ಬಿಟ್ಟು ಹೇಳಿ."

ಲೋಕೇಶ ಕುಟ್ಟಣಿಯನ್ನು ತನ್ನ ಕಡೆಗೆ ಎಳೆದುಕೊಂಡ. "ನೀನಲ್ಲ ಮಾರಾಯ್ತಿ. ಹಿಡಿಕೆ ಬೇಡ ಅಂದವ ನಾನು. ನೀನು ಕಲಿಯೋದೂ ಬೇಡ ಅಂದವ ನಾನು."

ಮನೆಯಲ್ಲಿ ಒಬ್ಬಳೇ ಕೂರಲಾರದೆ ದಿವ್ಯ ಅವನ ಜೊತೆ ವರ್ಕ್‌ಶಾಪಿಗೆ ಹೋಗತೊಡಗಿದಳು. ಅಲ್ಲಿಗೇ ಒಂದು ದಿನ ಅರ್ಪಣಾ ಬಂದಳು, ತೋಟದ ಕೂಲಿಗೆ ಹೋಗುವ ಸೀತಕ್ಕನನ್ನು ಕರೆದುಕೊಂಡು. ಸೀತಕ್ಕನ ಗಂಡ ಬೂತಪ್ಪನೂ ಮೂಗಿನ ಪೈಪಿನೊಂದಿಗೆ ಮನೆಗೆ ಬಂದಿದ್ದ. ಅವರ ಮನೆಗೆ ಯುಪಿಎಸ್ ಎಲ್ಲಿಂದ ಬರಬೇಕು?

"ನನ್ನ ಹತ್ರ ಎಂತ ಕೇಳ್ತೀರಿ ಸಿಸ್ಟರ್? ನಾನು ಮಾಡಿದ್ದು ಸಾಕಾಗ್ಲಿಲ್ವಾ?" ಎಂದ ಲೋಕೇಶ.

"ಸಾಕಾಗ್ಲಿಲ್ಲ. ಅರ್ಧ ಮಾಡಿದ್ರಿ. ಉಳಿದರ್ಧ ಮಾಡಿ."

ಮಾಡಿದ. ಅದೇ ಬಟ್ಟಲಿನ ಮೇಲೆ ಮೋಟರನ್ನೂ ಕೂರಿಸಬಹುದು, ಮೋಟರು ತೆಗೆದು ಹಿಡಿಕೆಯನ್ನೂ ಕೂರಿಸಬಹುದು. ತಳದಲ್ಲಿ ಮೂಲೆಯೇ ಇಲ್ಲ, ಕೊಳೆ ಕೂರಲು ಜಾಗವಿಲ್ಲದಂತೆ ಗುಂಡಗೆ. ಸೀತಕ್ಕ ತಿರುಗಿಸಿ ನೋಡಿ ಮುಖ ಸಿಂಡರಿಸಿದಳು.

"ಹಿಡಿಕೆ ತೀರಾ ಸಪೂರ ಆಯ್ತು ಮಾರಾಯ್ರೆ. ನನ್ನ ಗಂಟು ಕೈಗೆ ಸಿಗೂದಿಲ್ಲ. ಇದು ಜಾರ್ತದೆ ಬೇರೆ. ತುರಿಮಣೆ ಥರ ಒತ್ತಿ ಹಿಡಿಯೋ ಹಾಗಿದ್ರೆ ಆಗ್ತಿತ್ತು."

ಅವಳು ಹೇಳಿದಂತೆಯೇ ಹಿಡಿಕೆ ದಪ್ಪವಾಯಿತು, ಅಡಿಗೊಂದು ಹಲಗೆ ಬಂತು. ಅರ್ಪಣಾ ಅದನ್ನು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ, ಅವರು ಆಗಬಹುದು ಅಂದ ಮೇಲೆ ಎಲ್ಲರೂ ಬೂತಪ್ಪನ ಮನೆಗೆ ಹೋದರು. ಅಲ್ಲಿ ಕರೆಂಟು ಇತ್ತು. ಲೋಕೇಶ ನೆಟ್ಟಗೆ ಹೋಗಿ ಮೇನ್ ಸ್ವಿಚ್ ಆರಿಸಿದ.

"ಈಗ ಮಾಡಿ ಸೀತಕ್ಕ."

ಸೀತಕ್ಕ ಹಲಗೆಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು ತಿರುಗಿಸಿದಳು. ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದವಳು ದಿವ್ಯ. "ತರಿ ಇಲ್ಲ" ಎಂದಳು. ಪೈಪಿಗೆ ಮೊದಲು ನೀರು, ಆಮೇಲೆ ಮಾತ್ರೆ, ಮತ್ತೆ ನೀರು. ತಡೆಯಿಲ್ಲದೆ ಇಳಿಯಿತು. ದಿವ್ಯ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಇಂಥ ರೋಗಿ ಇರಬಹುದು. ಔಷಧಿ ಅರೆಯುವ, ಬೆರೆಸುವ ಸಾಧನ ಕೊಳ್ಳುವಾಗ ಒಂದು ಮಾತು ಕೇಳಿ: ಕರೆಂಟಿಲ್ಲದಾಗ ಇದು ಕೈಯಲ್ಲಿ ತಿರುಗುತ್ತದೆಯೇ? ಕುಟ್ಟಣಿ, ಮಸಾಲೆಯ ಒರಳು ಔಷಧಿಗೆ ಬೇಡವೇ ಬೇಡ. ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ, ಡಾಕ್ಟರನ್ನು ಕೇಳಿಯೇ ಮಾಡಿ. ಪೈಪು ಕಟ್ಟಿದರೆ ಒತ್ತದೆ ಆಸ್ಪತ್ರೆಗೆ ಹೋಗಿ. ಕೈಯಲ್ಲಿ ಮಾಡುವುದನ್ನು ಮನೆಯವರೆಲ್ಲ ಆರೋಗ್ಯ ಕಾರ್ಯಕರ್ತೆಯಿಂದ ಕಲಿತುಕೊಳ್ಳಿ. ಉಸಿರಾಟದ ಯಂತ್ರ ಓಡುತ್ತಿರುವ ಮನೆಯಲ್ಲವಾದರೆ, ಇವತ್ತೇ ಹಗಲಿನ ಮಾತ್ರೆಯ ಹೊತ್ತಿಗೆ ಮೇನ್ ಸ್ವಿಚ್ ಆರಿಸಿ, ಮಾತ್ರೆ ಕೊಟ್ಟು ನೋಡಿ. ಆಗುವುದಿಲ್ಲ ಎಂದಾದರೆ ಈಗಲೇ ತಿಳಿಯಲಿ. ಜಲಜಮ್ಮನ ಮನೆಯವರಿಗೆ ತಡವಾಗಿ ತಿಳಿಯಿತು.