ಜೊತೆ ಸಿಗದ ಡಬ್ಬ

ಮದ್ಯದ ಪೆಟ್ಟಿಗೆಗಳನ್ನು ಸರಿಸುತ್ತಿದ್ದಂತೆ ಹಿಂದೆ ಬಿಳಿ ಬಟ್ಟೆ ಸುತ್ತಿದ ಡಬ್ಬವೊಂದು ಕಣ್ಣಿಗೆ ಬಿತ್ತು. ಬೀಗದಕ್ಕ ಅದನ್ನು ಬೆಳಕಿಗೆ ಎಳೆದಳು. ಕೇಸಿನ ಮಾಲು ಇಡುವ ಕೋಣೆಯ ಕೀಲಿ ಸದಾ ಸೊಂಟದಲ್ಲಿರುತ್ತಿದ್ದ ಆ ಮಹಿಳಾ ಪೇದೆಗೆ ಠಾಣೆಯವರು ಇಟ್ಟ ಹೆಸರು ಅದು.

ಅರಗಿನ ಮೊಹರು ಒಡೆದಿರಲಿಲ್ಲ. ಮೇಲೆ ಡಾಕ್ಟರ ಸಹಿ, ಕಳೆದ ವರ್ಷದ ತಾರೀಖು. ಅತ್ಯಾಚಾರದ ದೂರು ಕೊಟ್ಟ ಹುಡುಗಿಯೊಬ್ಬಳ ಮೈಮೇಲಿಂದ, ಬಟ್ಟೆಯಿಂದ ತೆಗೆದ ಸಾಕ್ಷ್ಯವೆಲ್ಲ ಅದರೊಳಗಿತ್ತು. ಆ ಹುಡುಗಿ ಈಗ ಹೊರಗಿನ ಬೆಂಚಿನ ಮೇಲೆ ತಾಯಿಯ ಪಕ್ಕ ಕೂತಿದ್ದಳು. ತಿಂಗಳು ತಿಂಗಳು ಬಂದು ಲ್ಯಾಬಿನ ವರದಿ ಬಂತಾ ಎಂದು ಕೇಳುತ್ತಾರೆ. "ಡಬ್ಬ ಹೋಗಿದೆಯಮ್ಮ, ಅವರೇ ತಡ ಮಾಡ್ತಿದ್ದಾರೆ" ಎಂದು ಠಾಣೆಯವರು ಬಾಯಿಪಾಠ ಒಪ್ಪಿಸಿ ಕಳಿಸುತ್ತಾರೆ. ಬೀಗದಕ್ಕನೂ ಹಾಗೇ ಹೇಳಿದ್ದಳು.

ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ, ಅದೇ ಸಂಕಟ. ಮೊಹರು ಬಿದ್ದು ಬಾಗಿಲ ಬಳಿಯ ಹಲಗೆ ಸೇರಿದ ಡಬ್ಬಕ್ಕೆ 'ಹೋಯ್ತು' ಎನ್ನುವುದು ಈ ಠಾಣೆಯ ರೂಢಿ. ಲ್ಯಾಬ್ ಇರುವುದು ದೂರದಲ್ಲಿ. ಒಂದೇ ಒಂದು ಡಬ್ಬಕ್ಕೆ ಜೀಪು ಓಡಿಸುವುದೇಕೆ, ನಾಲ್ಕಾಗಲಿ ಎಂದು ಕಾಯುತ್ತಾರೆ. ಇದಕ್ಕೆ ಜೊತೆ ಸಿಗಲಿಲ್ಲ. ಅಷ್ಟರಲ್ಲಿ ದಾಳಿಯಲ್ಲಿ ಹಿಡಿದ ಮದ್ಯ ಬಂತು, ಜಾಗ ಸಾಲದೆ ಯಾರೋ ಇದನ್ನು ಮೂಲೆಗೆ ತಳ್ಳಿದರು. ಆಮೇಲೆ ಎಲ್ಲರ ಲೆಕ್ಕದಲ್ಲೂ ಅದು ಲ್ಯಾಬ್ ಸೇರಿಯೇಬಿಟ್ಟಿತ್ತು.

ಡಬ್ಬ ನೋಡಿದ ಠಾಣೆಯ ಇನ್‌ಸ್ಪೆಕ್ಟರ್ ಸಾಹೇಬರು ಮೊದಲು ಬಾಗಿಲು ಮುಂದೆ ಮಾಡಿದರು. ಕೆಟ್ಟ ಮನುಷ್ಯರಲ್ಲ, ಬೀಗದಕ್ಕನ ಮಗುವಿಗೆ ಜ್ವರ ಬಂದಾಗ ಕೇಳುವ ಮೊದಲೇ ರಜೆ ಕೊಟ್ಟವರು.

"ಈಗ ಹೆಡ್ ಆಫೀಸಿಂದ ಫೋನ್ ಬರುತ್ತೆ. ಲ್ಯಾಬಿಗೆ ಹೋಗದೆ ಉಳಿದಿರೋ ಡಬ್ಬ ಎಷ್ಟು ಅಂತ ಎಲ್ಲಾ ಠಾಣೆಗೂ ಕೇಳ್ತಿದ್ದಾರೆ. ಕೀಲಿ ಇಟ್ಕೊಂಡಿರೋರೇ ಹೇಳ್ಬೇಕಂತೆ. ಒಂದೂ ಇಲ್ಲ ಅಂದ್ಬಿಡು."

"ಇದು, ಸರ್?"

"ನಾಳೆ ನನ್ನ ಜೀಪಲ್ಲೇ ಕಳಿಸ್ತೀನಿ. ಯಾರಿಗೇನು ನಷ್ಟ? ಪಕ್ಕದ ಠಾಣೆಯೋರು ಇಲ್ಲ ಅಂತ ಹೇಳಿ ಆರಾಮಾಗಿ ಕೂತಿದ್ದಾರೆ. ಇದೆ ಅಂದ್ರೆ ನನ್ನ ಕೆಲಸ ಒಂದೇ ಹೋಗಲ್ಲಮ್ಮ, ನಿಂದೂ ಹೋಗುತ್ತೆ."

ಅದೂ ನಿಜವೇ.

"ಇವತ್ತು ಇಲ್ಲ ಅಂದ್ಮೇಲೆ, ನಾಳೆ ಇದು ಎಲ್ಲಿಂದ ಬಂತು ಅಂತ ಹೇಳೋದು ಸರ್?"

"ನೋಡೋಣ. ಸ್ವಲ್ಪ ದಿನ ಹೋಗ್ಲಿ."

ನಾಳೆ ಎಂಬುದು ನಿಂತ ನಿಲುವಿನಲ್ಲೇ ಸ್ವಲ್ಪ ದಿನವಾಗಿತ್ತು. ಆ ಸ್ವಲ್ಪ ದಿನ ಎಂದಿಗೂ ಮುಗಿಯುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ಫೋನ್ ಹೊಡೆದುಕೊಂಡಿತು. ಸಾಹೇಬರು ಅವಳನ್ನೇ ದಿಟ್ಟಿಸುತ್ತಿದ್ದರು. ಅವಳು ರಿಸೀವರ್ ಎತ್ತಿದಳು.

"ಒಂದಿದೆ ಸರ್," ಎಂದಳು. "ಹೌದು, ಇಲ್ಲೇ, ನನ್ನ ಕಣ್ಣೆದುರಿಗೇ ಇದೆ. ಕಳೆದ ವರ್ಷದ್ದು."

ಆ ಕಡೆಯ ದನಿ ಅವಳ ಹೆಸರು ಕೇಳಿತು, ಹೇಳಿದಳು. ಡಬ್ಬ ಈಗಲೇ ಹೊರಡಬೇಕು, ಅವಳೂ ಸಾಹೇಬರೂ ನಾಳೆ ಹೆಡ್ ಆಫೀಸಿಗೆ ಬಂದು ಉತ್ತರ ಕೊಡಬೇಕು ಎಂದಿತು.

ಸಾಹೇಬರು ಜೀಪಿನ ಕೀಲಿಯನ್ನು ಮೇಜಿನ ಮೇಲೆ ಎಸೆದರು. "ನೀನೇ ತಗೊಂಡ್ಹೋಗು," ಎಂದರು, ಮುಖ ನೋಡದೆ.

ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಹೊರಗೆ ಬಂದಾಗ ತಾಯಿ ಎದ್ದು ನಿಂತಳು. "ವರದಿ ಬಂತಾ ಮೇಡಂ?"

"ಇಲ್ಲಮ್ಮ. ಡಬ್ಬ ಹೋಗೇ ಇರ್ಲಿಲ್ಲ. ನಾವು ಹೇಳಿದ್ದು ಸುಳ್ಳಾಯ್ತು. ಇದೇ ಅದು. ಈಗ ಒಯ್ತಿದೀನಿ."

ತಾಯಿ ಗೋಡೆ ಹಿಡಿದುಕೊಂಡಳು. "ನಿಮಗೂ ಹೆಣ್ಮಕ್ಕಳಿಲ್ವಾ?" ಎಂದು ಕೂಗಿದಳು.

ಹುಡುಗಿ ಮಾತ್ರ ಕೂಗಲಿಲ್ಲ.

"ನಾವು ಬಂದಾಗೆಲ್ಲ ಇಲ್ಲೇ ಇತ್ತಾ?"

"ಹೂಂ."

ಹುಡುಗಿ ಮೆಟ್ಟಿಲಿಳಿದು ಹೋಗಿ ಜೀಪಿನ ಬಾಗಿಲು ತೆರೆದು ಹಿಡಿದಳು. ಬೀಗದಕ್ಕ ಡಬ್ಬವನ್ನು ಸೀಟಿನ ಮೇಲೆ ಇಟ್ಟಳು. ಹುಡುಗಿ ಬಗ್ಗಿ ಅದನ್ನೊಮ್ಮೆ ನೋಡಿದಳು, ಬಾಗಿಲು ಹಾಕಿದಳು, ಸರಿಯಾಗಿ ಬಿತ್ತೋ ಇಲ್ಲವೋ ಎಂದು ಮತ್ತೆ ಎಳೆದು ನೋಡಿದಳು.