ಬಿಡಿಸಿಕೊಳ್ಳದ ಕೂಸು

"ಆ ಹೆಂಗಸು ಕೂಸನ್ನ ಕಿತ್ಕೊಂಡ್ಳು ಅಂತ ಪೊಲೀಸರ ಮುಂದೆ ಬಾಯಿಬಿಟ್ಟೋನು ನೀನು. ಇಲ್ಲ ಅಂತ ಹೇಳೋಕೆ ನಿನ್ ನಾಲಿಗೆಗೆ ಏನ್ ಬಂದೈತೆ?"

ಮದುವೆಯಾದ ಏಳು ವರ್ಷಗಳಲ್ಲಿ ಸುನಂದ ಗಂಡನನ್ನು ನೀನು ಅಂದಿದ್ದು ಅದೇ ಮೊದಲು. ಜಗುಲಿಯ ಮೇಲೆ ರಾಗಿ ಕೇರುತ್ತಿದ್ದ ಮುನಿಶಾಮಮ್ಮನ ಕೈಯಲ್ಲಿ ಮೊರ ನಿಂತಿತು. ಇನ್ನು ಮಗ ಕೈ ಎತ್ತುತ್ತಾನೆ ಅಂದುಕೊಂಡಳು. ಗಂಗಾಧರ್ ಕೈ ಎತ್ತಲಿಲ್ಲ. ಗೋಡೆಗೆ ಒರಗಿ, ಕಾಲ ಹೆಬ್ಬೆರಳನ್ನು ನೋಡುತ್ತ ಹೇಳಿದ.

"ಹೇಳಿದ್ರೆ ನನ್ನನ್ನ ಹಿಡೀತಾರೆ ಕಣೇ. ಕೂಸು ಮಾರೋಕೆ ಹೋಗಿದ್ದೆ, ಸಿಕ್ಕಿಬಿದ್ದಾಗ ಸುಳ್ಳು ಹೇಳ್ದೆ ಅಂತಾರೆ. ತೌಡಿಗೆ ಮಾರೋ ಶಾಸ್ತ್ರ ಅಂತ ಅಲ್ಲಿನ ಜಡ್ಜಿಗೆ ಯಾವ ಭಾಷೇಲಿ ಹೇಳ್ಲಿ?"

ಜಗಳ ಹತ್ತಿದ್ದು ಬೆಳಿಗ್ಗೆ ಒಂಬತ್ತಕ್ಕೆ. ಗಂಡ ಸ್ನಾನಕ್ಕೆ ಹೋಗಿದ್ದಾಗ ಸುನಂದ ಅವನ ಮೊಬೈಲಿನಲ್ಲಿ ಅನಿಲ್‌ಕುಮಾರನ ಸಂದೇಶ ಕೇಳಿದ್ದಳು. ಮಾಲೂರಿನ ಅನಿಲ್‌ಕುಮಾರ್ ಕೀನ್ಯಾದ ಗುಲಾಬಿ ತೋಟದಲ್ಲಿ ಗಂಗಾಧರನ ಜೊತೆಗಿದ್ದವನು, ಈಗಲೂ ಅಲ್ಲೇ ಇರುವವನು. ಕೇಸು ಈ ಶುಕ್ರವಾರ ಮುಗಿಯುತ್ತದೆ, ಇಲ್ಲಿನ ಲೆಕ್ಕದಲ್ಲಿ ಮಧ್ಯಾಹ್ನ ಒಂದೂವರೆಗೆ, ಅಷ್ಟರೊಳಗೆ ಕಣ್ಣಾರೆ ನೋಡಿದವರು ಯಾರಾದರೂ ವಿಡಿಯೋದಲ್ಲಿ ನಿಜ ಹೇಳಿ ಕಳಿಸಿದರೆ ವಕೀಲರು ಜೈಲಿನಲ್ಲಿರುವ ಆ ಹೆಂಗಸನ್ನು ಬಿಡಿಸುತ್ತಾರೆ ಅಂತ ಅವನು ಹೇಳಿದ್ದ. ಸಂದೇಶ ಬಂದು ನಾಲ್ಕು ದಿನವಾಗಿತ್ತು, ಆ ಶುಕ್ರವಾರ ಇವತ್ತೇ. ಗಂಗಾಧರ್ ಯಾರಿಗೂ ಹೇಳಿರಲಿಲ್ಲ.

ಕಣ್ಣಾರೆ ನೋಡಿದವರು ಇಬ್ಬರೇ. ಗಂಗಾಧರ್ ಮತ್ತು ಅವನ ತಾಯಿ.

ಸುನಂದಳಿಗೆ ತಾಯಿ ಇರಲಿಲ್ಲ. ಮೊದಲ ಎರಡು ಕೂಸುಗಳೂ ತಿಂಗಳು ತುಂಬುವ ಮೊದಲೇ ಹೋಗಿದ್ದವು. ಮೂರನೆಯದು ಕೀನ್ಯಾದಲ್ಲಿ ಹುಟ್ಟಿದಾಗ, ಕೋಲಾರ ದಾಟಿದರೆ ದಿಕ್ಕು ತಿಳಿಯದ ಮುನಿಶಾಮಮ್ಮ ವಿಮಾನ ಹತ್ತಿ ಬಾಣಂತನಕ್ಕೆ ಹೋದಳು. ಅಲ್ಲಿ ಅವಳಿಗೆ ಹಿಡಿಸಿದ್ದು ಒಂದೇ ಜಾಗ, ಶನಿವಾರದ ಸಂತೆ. ಆ ಸಂತೆಯಲ್ಲಿ ರಾಗಿ ಸಿಗುತ್ತಿತ್ತು. ಮಾರುತ್ತಿದ್ದವಳು ವಾಂಜಿರು ಅನ್ನುವ ದಪ್ಪ ಹೆಂಗಸು. ಇವಳ ಮಾತು ಅವಳಿಗೆ ಬಾರದು, ಅವಳದು ಇವಳಿಗೆ ಬಾರದು. ಆದರೂ ಇಬ್ಬರೂ ಅಂಗೈಯಲ್ಲಿ ರಾಗಿ ಉಜ್ಜಿ, ಊದಿ, ಹೊಟ್ಟು ಹಾರಿಸಿ, ಕಲ್ಲು ತೋರಿಸಿ ಚೌಕಾಸಿ ಮಾಡುತ್ತಿದ್ದರು. ಪ್ರತಿ ಸಲವೂ ವಾಂಜಿರು ಅಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಸುರಿಯುತ್ತಿದ್ದಳು.

ಕೂಸಿಗೆ ಮೂರು ತಿಂಗಳು ತುಂಬಿದ ವಾರ ಮುನಿಶಾಮಮ್ಮ ಶಾಸ್ತ್ರದ ಮಾತು ತೆಗೆದಳು. ಕೂಸು ಉಳಿಯದ ಮನೆಯಲ್ಲಿ ಮುಂದಿನದನ್ನು ಮೊರದಲ್ಲಿ ಮಲಗಿಸಿ, ಸಂಬಂಧವಿಲ್ಲದ ಹೆಂಗಸಿಗೆ ಹಿಡಿ ತೌಡಿಗೆ ಮಾರಬೇಕು. ಅವಳು ಎತ್ತಿಕೊಂಡು ನಾಲ್ಕು ಹೆಜ್ಜೆ ಹೋಗಬೇಕು. ಆಮೇಲೆ ಸೇರು ರಾಗಿ ಕೊಟ್ಟು ಬಿಡಿಸಿಕೊಳ್ಳಬೇಕು. ಅಲ್ಲಿಗೆ ಅದು ಪರರ ಕೂಸು, ನಾವು ಸಾಕುತ್ತಿರುವುದು ಅಷ್ಟೇ. ಸಾವು ಈ ಮನೆ ಬಾಗಿಲಿಗೆ ಬಂದರೂ ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಗಂಗಾಧರನನ್ನೂ ಅವಳು ಹಾಗೇ ಮಾರಿ ಉಳಿಸಿಕೊಂಡಿದ್ದಳು. ಅವನು ನಕ್ಕ, ಆದರೆ ಬೇಡ ಅನ್ನಲಿಲ್ಲ. ಶನಿವಾರ ಸಂತೆಗೆ ಹೋದಾಗ ಬಿಸಿಲೆಂದು ಸುನಂದ ವ್ಯಾನಿನಲ್ಲೇ ಕುಳಿತಳು, ಗಂಗಾಧರ್ ತಾಯಿಯ ಜೊತೆ ಹೋದ.

ಮುನಿಶಾಮಮ್ಮ ಕೂಸನ್ನು ವಾಂಜಿರುವಿನ ಮೊರದಲ್ಲಿ ಮಲಗಿಸಿ ಅವಳ ಮುಂದಿಟ್ಟಳು. ತಗೋ ಅಂತ ಸನ್ನೆ ಮಾಡಿ ಬೆಲೆಗೆ ಅಂಗೈ ಚಾಚಿದಳು. ವಾಂಜಿರು ತಮಾಷೆ ಅಂದುಕೊಂಡು ಹೊಟ್ಟೆ ಕುಲುಕಿಸಿ ನಕ್ಕು, ಸೊಂಟದ ಚೀಲದಿಂದ ಒಂದು ನಾಣ್ಯ ತೆಗೆದು ಆ ಅಂಗೈಗೆ ಇಟ್ಟಳು. ಹೋಗು ಹೋಗು ಅಂತ ಮುನಿಶಾಮಮ್ಮ ಕೈಬೀಸಿದಳು. ವಾಂಜಿರು ಕೂಸನ್ನೆತ್ತಿ, ಏನೋ ಹಾಡು ಗುನುಗುತ್ತ, ಅಂಗಡಿಯ ಹಿಂದಕ್ಕೆ ನಡೆದಳು.

ಆ ಊರಿನಲ್ಲಿ ಅದೇ ತಿಂಗಳು ಎರಡು ಕೂಸುಗಳು ಕಾಣೆಯಾಗಿದ್ದವು. ಇವರಿಗೆ ಅದು ಗೊತ್ತಿರಲಿಲ್ಲ.

ವಾಂಜಿರುವಿನ ಕೈಯಲ್ಲಿ ಪರದೇಶದವರ ಕೂಸು ಕಂಡು ಮೊದಲು ಒಬ್ಬ ಕೂಗಿದ. ಆಮೇಲೆ ಸಂತೆಗೆ ಸಂತೆಯೇ ಕೂಗಿತು. ಟೊಮೆಟೊ ಪೆಟ್ಟಿಗೆಗಳು ಉರುಳಿದವು, ಜನ ದೊಣ್ಣೆ ಹಿಡಿದು ಓಡಿದರು. ಯಾರೋ ಮುನಿಶಾಮಮ್ಮನನ್ನು ನೂಕಿದರು. ಬಿದ್ದಲ್ಲಿಂದ ಅವಳಿಗೆ ಕಂಡದ್ದು ಬರೀ ಕಾಲುಗಳು. ಆ ಕಾಲುಗಳ ನಡುವೆ ವಾಂಜಿರು ನೆಲಕ್ಕೆ ಬಾಗಿ, ಕೂಸನ್ನು ಹೊಟ್ಟೆಯಡಿ ಮುಚ್ಚಿಕೊಂಡಿದ್ದಳು. ಏಟೆಲ್ಲ ಅವಳ ಬೆನ್ನಿಗೆ ಬೀಳುತ್ತಿತ್ತು. ಪೊಲೀಸರು ಬಂದು ಅವಳನ್ನು ಮಗುಚಿದಾಗ ಕೂಸಿಗೆ ಗೀರು ಕೂಡ ಆಗಿರಲಿಲ್ಲ. ಏನಾಯಿತೆಂದು ಗಂಗಾಧರನನ್ನು ಕೇಳಿದರು. ಸುತ್ತ ಜನ ದೊಣ್ಣೆ ಹಿಡಿದು ನಿಂತಿದ್ದರು. ಇವಳು ಕಿತ್ತುಕೊಂಡಳು ಅಂದ. ಸ್ಟೇಷನ್ನಿನಲ್ಲಿ ಸಹಿಯನ್ನೂ ಹಾಕಿದ. ಒಂಬತ್ತನೆಯ ದಿನಕ್ಕೆ ಎಲ್ಲರೂ ತಮ್ಮೂರು ದೇವರಾಯಸಮುದ್ರದಲ್ಲಿದ್ದರು. ವಾಂಜಿರು ಜೈಲಿನಲ್ಲಿದ್ದಳು. ಅದಾಗಿ ಎಂಟು ತಿಂಗಳು.

ಈಗ ಕೂಸು ಅಂಬೆಗಾಲಿಕ್ಕುತ್ತದೆ. ಕಾಗದದಲ್ಲಿ ಅದರ ಹೆಸರು ಚಂದನ. ಮುನಿಶಾಮಮ್ಮ ಮಾತ್ರ ಆ ಹೆಸರು ಹಿಡಿದು ಕರೆದವಳಲ್ಲ. ಬಿಡಿಸಿಕೊಳ್ಳುವ ಸೇರು ರಾಗಿಯನ್ನು ಕೊಟ್ಟಿರಲಿಲ್ಲವಲ್ಲ. ಆ ನಾಣ್ಯ ಅವಳ ಎಲೆಅಡಿಕೆ ಚೀಲದ ತಳದಲ್ಲಿ ಹಾಗೇ ಇತ್ತು.

ಹನ್ನೆರಡೂವರೆಯಾಯಿತು. ಗಂಡನ ಜೊತೆ ಕಾದಾಡಿ ಸುಸ್ತಾದ ಸುನಂದ ಜಗುಲಿಗೆ ಬಂದು, ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಬೈಲ್ ಹಿಡಿದಳು.

"ಅತ್ತೆ, ಕೊಟ್ಟಿದ್ದು ನಿಮ್ಮ ಕೈ. ನಾನೇ ಕೊಟ್ಟೆ, ಅವಳು ಕಿತ್ಕೊಳ್ಳಲಿಲ್ಲ ಅನ್ನಿ. ಅಷ್ಟೇ ಸಾಕು."

ಮುನಿಶಾಮಮ್ಮ ಬಾಯಿ ತೆರೆದಳು. ಎಂಟು ತಿಂಗಳಿಂದ ಆ ಮಾತನ್ನು ದನ ಕಟ್ಟುವಾಗ, ಸೊಪ್ಪು ಬಿಡಿಸುವಾಗ ಒಬ್ಬಳೇ ಹೇಳಿಕೊಂಡಿದ್ದಳು. ಆಗ ಬಾಗಿಲಲ್ಲಿ ಮಗ ಬಂದು ನಿಂತ. ತಾಯಿಯನ್ನೇ ನೋಡಿದ. ಮೂವತ್ತೆಂಟು ವರ್ಷದ ಹಿಂದೆ ಹಿಡಿ ತೌಡಿಗೆ ಮಾರಿ ಉಳಿಸಿಕೊಂಡ ಮುಖ ಅದು. ಆ ಮುಖ ಹೆದರಿತ್ತು.

"ನನಗೆ ಸರಿಯಾಗಿ ಗ್ಯಾಪಕ ಇಲ್ಲಮ್ಮ" ಅಂದಳು ಮುನಿಶಾಮಮ್ಮ.

ಸುನಂದ ಮೊಬೈಲನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಅತ್ತೆಯ ಕಣ್ಣು ಮೊರ ಬಿಟ್ಟು ಮೇಲೆ ಬರಲಿಲ್ಲ. ಆಮೇಲೆ ಕೈ ಕೆಳಗಿಳಿಸಿ, "ಇಂಕ ಚಾಲು" ಅಂದಳು, ಇನ್ನು ಸಾಕು ಅಂತ. ಗೌನಿಪಲ್ಲಿಯವಳು, ಮನಸ್ಸು ಮುರಿದಾಗ ಬಾಯಿಗೆ ಬರುವುದು ತೆಲುಗು.

ಅಡಿಗೆ ಮಾಡಿದಳು. ಕೂಸಿಗೆ ಉಣಿಸಿದಳು. ನಾಲ್ಕು ಗಂಟೆಗೆ ಅನಿಲ್‌ಕುಮಾರ್ ಫೋನು ಮಾಡಿದ. ಗಂಗಾಧರ್ ಎತ್ತಲಿಲ್ಲ, ಸುನಂದ ಎತ್ತಿ ಸ್ಪೀಕರ್ ಹಾಕಿದಳು.

"ಒಂಬತ್ತು ವರ್ಷ ಹಾಕಿದ್ರು ಸುನಂದಕ್ಕ. ನಿಮ್ ಕಡೆಯಿಂದ ಏನಾದ್ರೂ ಬರುತ್ತೆ ಅಂತ ವಕೀಲ್ರು ಕೊನೇ ಗಳಿಗೆವರ್ಗೂ ಫೋನ್ ನೋಡ್ತಾನೇ ಇದ್ರು. ಅವಳ ಮಕ್ಕಳಿಬ್ರೂ ಬಂದಿದ್ರು. ಇಡ್ತೀನಿ."

ಸುನಂದ ಒಳಗೆ ಹೋದಳು. ಹೊರಬಂದಾಗ ಹೆಗಲಲ್ಲಿ ಒಂದು ಬ್ಯಾಗು, ಕಂಕುಳಲ್ಲಿ ಕೂಸು. ಗಂಗಾಧರ್ ಎದ್ದು, ಎಲ್ಲಿಗೆ ಅಂದ. ಅವಳು ಅವನನ್ನು ಕಂಬದ ಹಾಗೆ ಬಳಸಿ ದಾಟಿದಳು.

ಮುನಿಶಾಮಮ್ಮ ದಡಬಡಿಸಿ ಎದ್ದಳು. ಮೊರದ ರಾಗಿ ಜಗುಲಿಯ ತುಂಬ ಚೆಲ್ಲಿತು.

"ಸುನಂದ, ಹೇಳ್ತೀನಮ್ಮ. ಈಗ ಹೇಳ್ತೀನಿ, ಮೊಬೈಲ್ ಹಿಡಿ. ನಾನೇ ಕೊಟ್ಟಿದ್ದು, ಈ ಕೈಯಾರೆ ಕೊಟ್ಟೆ..."

ಸುನಂದ ಮೆಟ್ಟಿಲ ಮೇಲೆ ನಿಂತಳು.

"ಯಾರ್ಗೆ ಹೇಳ್ತೀರ ಅತ್ತೆ ಈಗ? ಇದು ಅವಳ ಕೂಸು. ನೀವೇ ಮಾರಿದ್ದು, ಬಿಡಿಸ್ಕೊಂಡಿಲ್ಲ. ನಿಮ್ ಮನೇಲಿ ಇದಕ್ಕೇನು ಕೆಲಸ?"

ಕೂಸು ಅಜ್ಜಿಯ ಕಡೆಗೆ ಕೈ ಚಾಚಿತು. ಸುನಂದ ಆ ಕೈಯನ್ನು ಮಡಿಸಿ ಸೆರಗಿನೊಳಗೆ ಇಟ್ಟುಕೊಂಡು, ಬೀದಿಗಿಳಿದು, ಕೆರೆ ಕಟ್ಟೆ ಹತ್ತಿದಳು. ಚಂದನ ಅಂತ ಮುನಿಶಾಮಮ್ಮ ಮೊದಲ ಸಲ ಹೆಸರು ಹಿಡಿದು ಕೂಗಿದಳು. ಕಟ್ಟೆಯ ಮೇಲೆ ಸೊಸೆಯ ಹಸಿರು ಸೀರೆ ನಿಲ್ಲಲಿಲ್ಲ. ಮುಳಬಾಗಿಲಿನ ಬಸ್ಸು ಬಂತು, ನಿಂತಿತು, ಹೋಯಿತು.

ಸುನಂದ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ.